ಗೋಡೆಯ ಬಿರುಕಿನಿಂದ ಹೃದಯದವರೆಗೆ

(ಶಾಲೆಯ ಸುವರ್ಣ ಮಹೋತ್ಸವದ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಮುಖ್ಯೋಪಾಧ್ಯಾಯರು ಫೋನ್ ಮಾಡಿ, "ಕಂಪ್ಯೂಟರ್ ಬಗ್ಗೆ ಏನಾದರೂ ಮಾತಾಡಪ್ಪ" ಎಂದರು. ಕಂಪ್ಯೂಟರ್ ಬಗ್ಗೆ ಈ ಮಕ್ಕಳಿಗೆ ನನಗಿಂತ ಚೆನ್ನಾಗಿ ಗೊತ್ತಿದೆ. ಆದ್ದರಿಂದ ಕೆಲಸದ ನಡುವೆ ನಾನು ತಿಳಿದುಕೊಂಡ ಒಂದು ಕಾಯಿಲೆಯ ವಿಷಯ ಹೇಳುತ್ತೇನೆ. ನಾನು ವೈದ್ಯನಲ್ಲ, ಬಿ.ಇ. ಓದಿ ಸಾಫ್ಟ್‌ವೇರ್ ಬರೆಯುವವನು. ಅಮೆರಿಕದ ಒಂದು ಪ್ರಯೋಗಾಲಯಕ್ಕಾಗಿ ನಮ್ಮ ತಂಡ ಸಾಫ್ಟ್‌ವೇರ್ ಮಾಡುತ್ತಿತ್ತು. ಸತ್ತ ಮೇಲೆ ಅಂಗಾಂಗ ದಾನ ಮಾಡುವವರ ವಿವರ ತುಂಬುವ ನಮೂನೆ ಅದು. ರಕ್ತದ ಗುಂಪು, ವಯಸ್ಸು, ತೂಕ ಎಲ್ಲ ಇದ್ದವು. ಜೊತೆಗೆ "ಹುಟ್ಟಿದ ದೇಶ ಯಾವುದು?" ಎಂಬ ಪ್ರಶ್ನೆಯೂ ಇತ್ತು. ಮೂತ್ರಪಿಂಡವನ್ನೋ ಹೃದಯವನ್ನೋ ಬೇರೆಯವರಿಗೆ ಕೊಡುವಾಗ ದಾನಿ ಎಲ್ಲಿ ಹುಟ್ಟಿದರೆ ಏನಂತೆ? ಹೀಗೆಂದು ಕೇಳಿದಾಗ ಸಿಕ್ಕ ಉತ್ತರ ನನ್ನನ್ನು ನೂರು ವರ್ಷಕ್ಕೂ ಹಿಂದಿನ ಬ್ರೆಜಿಲ್ ದೇಶದ ಒಂದು ಹಳ್ಳಿಗೆ ಕರೆದೊಯ್ದಿತು.

ಆ ಹಳ್ಳಿಯ ಹೆಸರು ಲಾಸಾನ್ಸ್. ಅಲ್ಲಿ ರೈಲು ಹಳಿ ಹಾಕುವ ಕೂಲಿಗಳಿಗೆ ಮಲೇರಿಯಾ ಬರುತ್ತಿತ್ತು. ಅದನ್ನು ತಡೆಯಲು 1907ರಲ್ಲಿ ಕಾರ್ಲೋಸ್ ಚಾಗಸ್ ಎಂಬ ಯುವ ವೈದ್ಯನನ್ನು ಆ ಸೀಮೆಗೆ ಕಳಿಸಿದರು. ರೈಲಿನ ಒಂದು ಬೋಗಿಯೇ ಆತನ ಮನೆ, ಅದೇ ಪ್ರಯೋಗಾಲಯ. ರೈಲ್ವೆ ಎಂಜಿನಿಯರುಗಳ ಮುಖ್ಯಸ್ಥನೊಬ್ಬ ಆತನಿಗೆ ಒಂದು ಕೀಟದ ವಿಷಯ ತಿಳಿಸಿದ. ಆ ಶೋಧದ ಮೊದಲ ಸುಳಿವು ಕೊಟ್ಟವನು ಎಂಜಿನಿಯರ್ ಎಂದು ಓದಿದಾಗ ನನಗೆ ಸಹಜವಾಗಿಯೇ ಸ್ವಲ್ಪ ಹೆಮ್ಮೆಯಾಯಿತು.

ಆ ಕೀಟ ನಮ್ಮ ತಿಗಣೆಯ ದೂರದ ಬಳಗ, ಆದರೆ ತಿಗಣೆಗಿಂತ ಬಹಳ ದೊಡ್ಡದು. ಬಡವರ ಮಣ್ಣಿನ ಗೋಡೆಯ ಬಿರುಕಿನಲ್ಲಿ, ಹುಲ್ಲಿನ ಸೂರಿನಲ್ಲಿ ಹಗಲೆಲ್ಲ ಅಡಗಿರುತ್ತದೆ. ರಾತ್ರಿ ಇಳಿದು ಬಂದು ಮಲಗಿದವರ ಮುಖಕ್ಕೆ ಕಚ್ಚಿ ರಕ್ತ ಹೀರುತ್ತದೆ. ಹೀರುತ್ತಲೇ ಅಲ್ಲೇ ಹಿಕ್ಕೆ ಹಾಕುತ್ತದೆ. ನಿದ್ದೆಗಣ್ಣಿನಲ್ಲಿ ನಾವು ಕೆರೆದುಕೊಂಡಾಗ ಆ ಹಿಕ್ಕೆಯಲ್ಲಿರುವ ಕಣ್ಣಿಗೆ ಕಾಣದ ಏಕಕೋಶ ಜೀವಿ ಗಾಯದೊಳಗೆ ಸೇರುತ್ತದೆ. ಚಾಗಸ್ ಅದಕ್ಕೆ ತನ್ನ ಗುರು ಓಸ್ವಾಲ್ಡೋ ಕ್ರೂಸ್ ಗೌರವಾರ್ಥ ಟ್ರಿಪನೊಸೋಮಾ ಕ್ರೂಸಿ ಎಂದು ಹೆಸರಿಟ್ಟ. 1909ರ ಏಪ್ರಿಲ್ 14ರಂದು ಎರಡು ವರ್ಷದ ಒಂದು ಹೆಣ್ಣುಮಗುವಿನ ರಕ್ತದಲ್ಲಿ ಅದನ್ನು ಕಂಡ. ಇಂದು ಅದೇ ದಿನವನ್ನು ವಿಶ್ವ ಚಾಗಸ್ ಕಾಯಿಲೆ ದಿನವೆಂದು ಆಚರಿಸುತ್ತಾರೆ. ಆ ಮಗು ಬೆಳೆದು 70 ವರ್ಷ ದಾಟಿ ಬದುಕಿತು. ದಶಕಗಳ ನಂತರವೂ ಆಕೆಯ ದೇಹದಲ್ಲಿ ಆ ಜೀವಿ ಇನ್ನೂ ಇತ್ತು!

ಈ ಕಾಯಿಲೆಯ ಗುಣವೇ ಅದು. ಶುರುವಿನಲ್ಲಿ ಸಣ್ಣ ಜ್ವರ ಬರಬಹುದು, ಬಾರದೆಯೂ ಇರಬಹುದು. ಆಮೇಲೆ ಹತ್ತು, ಇಪ್ಪತ್ತು, ಮೂವತ್ತು ವರ್ಷ ಸದ್ದಿಲ್ಲ. ಹೆಚ್ಚಿನವರಿಗೆ ಕೊನೆಯವರೆಗೂ ಏನೂ ಆಗುವುದಿಲ್ಲ. ಆದರೆ ನೂರರಲ್ಲಿ 20ರಿಂದ 30 ಜನರಿಗೆ ಹೃದಯದ ಸ್ನಾಯು ನಿಧಾನವಾಗಿ ಹಾಳಾಗುತ್ತದೆ. ಬಡಿತ ತಪ್ಪುತ್ತದೆ, ಹೃದಯ ಊದಿಕೊಳ್ಳುತ್ತದೆ, ನಾಲ್ಕು ಹೆಜ್ಜೆ ನಡೆದರೆ ಏದುಸಿರು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಲ್ಲಿ ಜಗತ್ತಿನಲ್ಲಿ ಸುಮಾರು 70 ಲಕ್ಷ ಜನರಲ್ಲಿ ಈ ಸೋಂಕಿದೆ. ಹೆಚ್ಚಿನವರು ಮಧ್ಯ ಮತ್ತು ದಕ್ಷಿಣ ಅಮೆರಿಕದವರು. ಹೃದಯ ಪೂರ್ತಿ ಸೋತವರಿಗೆ ಉಳಿಯುವ ದಾರಿ ಹೃದಯ ಕಸಿ.

ಕಷ್ಟ ಶುರುವಾಗುವುದೇ ಅಲ್ಲಿ. ಹಳೆಯ ಹೃದಯ ತೆಗೆದರೂ ಆ ಜೀವಿ ದೇಹದ ಬೇರೆ ಸ್ನಾಯುಗಳಲ್ಲಿ ಉಳಿದಿರುತ್ತದೆ. ನಮ್ಮ ರೋಗನಿರೋಧಕ ಶಕ್ತಿಯನ್ನು ಮನೆಯ ನಾಯಿ ಎಂದುಕೊಳ್ಳಿ. ಹೊಸ ಹೃದಯ ಮನೆಗೆ ಬಂದ ನೆಂಟ. ನಾಯಿ ಅವನನ್ನು ಕಚ್ಚಬಾರದೆಂದು ವೈದ್ಯರು ಔಷಧಿ ಕೊಟ್ಟು ನಾಯಿಯನ್ನು ಕಟ್ಟಿಹಾಕುತ್ತಾರೆ. ಅಟ್ಟದ ಮೇಲೆ ಅಡಗಿದ್ದ ಕಳ್ಳನಿಗೂ ಅದೇ ಅನುಕೂಲ. ಅವನು ಇಳಿದು ಬಂದು ಹೊಸ ಹೃದಯದ ಮೇಲೆಯೇ ಕೈಮಾಡುತ್ತಾನೆ.

ಈಗ ನೆಂಟನಿಗೆ ಗಾಯವಾಗಿದೆ. ಮಾಡಿದ್ದು ನಾಯಿಯೋ, ಕಳ್ಳನೋ? ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ: ಸುಸ್ತು, ಜ್ವರ, ಹೃದಯದ ಉರಿಯೂತ. ಚಿಕಿತ್ಸೆ ಮಾತ್ರ ತದ್ವಿರುದ್ಧ. ನಾಯಿಯಾದರೆ ಹಗ್ಗ ಬಿಗಿ ಮಾಡಬೇಕು, ಅಂದರೆ ನಿರೋಧಕ ಶಕ್ತಿಯನ್ನು ಇನ್ನಷ್ಟು ತಗ್ಗಿಸಬೇಕು. ಕಳ್ಳನಾದರೆ ಹಗ್ಗವನ್ನು ತುಸು ಸಡಿಲಿಸಿ, ಬೆಂಜ್ನಿಡಜೋಲ್ ಎಂಬ ಮಾತ್ರೆ ಕೊಡಬೇಕು. ತಪ್ಪಿ ಅದಕ್ಕಿದು ಮಾಡಿದರೆ ರೋಗಿ ಉಳಿಯುವುದು ಕಷ್ಟ. ಅದಕ್ಕಾಗಿ ಹೃದಯದಿಂದ ಚೂರು ಮಾಂಸ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ, ರಕ್ತದಲ್ಲಿ ಆ ಜೀವಿಯ ಡಿಎನ್‌ಎ ಹುಡುಕುತ್ತಾರೆ. ಈ ರೋಗಿಗಳಿಗೆ ಹೃದಯ ಕಸಿ ಬೇಡವೇ ಬೇಡ ಎನ್ನುವ ಅಭಿಪ್ರಾಯ ಒಂದು ಕಾಲದಲ್ಲಿತ್ತು. ಬ್ರೆಜಿಲ್‌ನ ವೈದ್ಯರು ಕಸಿ ಮಾಡಿ, ಬಿಡದೆ ಕಾವಲು ಕಾದು, ಬೇರೆ ಹೃದ್ರೋಗಿಗಳಷ್ಟೇ ಚೆನ್ನಾಗಿ ಇವರೂ ಬದುಕಬಲ್ಲರು ಎಂದು ತೋರಿಸಿಕೊಟ್ಟರು.

ಇನ್ನೊಂದು ದಾರಿಯಿದೆ. ಕಳ್ಳ ನೆಂಟನ ಗಂಟಿನಲ್ಲೇ ಬರಬಹುದು. 2001ರಲ್ಲಿ ಅಮೆರಿಕದಲ್ಲಿ ಮಧ್ಯ ಅಮೆರಿಕದಿಂದ ವಲಸೆ ಬಂದಿದ್ದ ಒಬ್ಬ ದಾನಿಯ ಅಂಗಗಳನ್ನು ಮೂವರಿಗೆ ಜೋಡಿಸಿದರು. ಮೂವರಿಗೂ ಸೋಂಕು ತಗುಲಿತು. ಅವರಲ್ಲಿ ಒಬ್ಬ ಮಹಿಳೆಗೆ ಹಾಕಿದ್ದು ಮೂತ್ರಪಿಂಡ ಮತ್ತು ಮೇದೋಜೀರಕ ಗ್ರಂಥಿ. ಆಕೆ ಸತ್ತದ್ದು ಮಾತ್ರ ಈ ಜೀವಿ ಹೃದಯಕ್ಕೆ ಹತ್ತಿದ್ದರಿಂದ. 2006ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಹೃದಯ ಕಸಿಯಾದ ಇಬ್ಬರಿಗೆ ದಾನಿಯ ಹೃದಯದಿಂದಲೇ ಸೋಂಕು ಬಂದದ್ದು ವರದಿಯಾಯಿತು. ದಾನಿಗಳು ಯಾರಿಗೂ ಕೇಡು ಬಯಸಿದವರಲ್ಲ. ತಮ್ಮೊಳಗೆ ಏನಿದೆಯೆಂದು ಅವರಿಗೇ ಗೊತ್ತಿರಲಿಲ್ಲ. ಬಾಲ್ಯದ ಮನೆಯ ಗೋಡೆಯ ಬಿರುಕು ಅಷ್ಟು ದೂರ ಹಿಂಬಾಲಿಸಿ ಬಂದಿತ್ತು. 2006ರ ಕೊನೆಯಲ್ಲಿ ಅಲ್ಲಿ ರಕ್ತದಾನಿಗಳ ತಪಾಸಣೆಗೆ ಪರೀಕ್ಷೆಯೊಂದಕ್ಕೆ ಅನುಮತಿ ಸಿಕ್ಕಿತು. "ಹುಟ್ಟಿದ ದೇಶ ಯಾವುದು?" ಎಂಬ ಪ್ರಶ್ನೆಯ ಹಿಂದೆ ಇಂಥ ಸಾವುಗಳಿವೆ. ನಮ್ಮ ನಮೂನೆಯಲ್ಲಿ ಅದೊಂದು ಸಣ್ಣ ಖಾನೆ. ಆ ಖಾನೆ ಖಾಲಿ ಬಿಟ್ಟು ಮುಂದೆ ಹೋಗಲು ಆಗದಂತೆ ಸಾಫ್ಟ್‌ವೇರ್ ಬರೆದೆವು.

"ಬ್ರೆಜಿಲ್ ಕಾಯಿಲೆ ನಮಗೇಕಪ್ಪ?" ಎಂದು ಹಿರಿಯರು ಕೇಳಬಹುದು. ಚಾಗಸ್ ಕಾಯಿಲೆ ನಮ್ಮಲ್ಲಿ ಹರಡಿಲ್ಲ, ಹೆದರಬೇಡಿ. ಆದರೆ ಅದೇ ರೀತಿ ಸ್ನಾಯುವಿನಲ್ಲಿ ಅಡಗಿ ಕೂರುವ ಟಾಕ್ಸೊಪ್ಲಾಸ್ಮಾ ಎಂಬ ಜೀವಿ ನಮ್ಮಲ್ಲೂ ಇದೆ. ಬೆಕ್ಕಿನ ಹಿಕ್ಕೆ ಬಿದ್ದ ಮಣ್ಣಿನಿಂದ, ಸರಿಯಾಗಿ ಬೇಯದ ಮಾಂಸದಿಂದ ಬರುತ್ತದೆ. ಆರೋಗ್ಯವಂತರಿಗೆ ಸಾಮಾನ್ಯವಾಗಿ ಏನೂ ಮಾಡುವುದಿಲ್ಲ. ಸೋಂಕಿರುವ ದಾನಿಯ ಹೃದಯವನ್ನು ಎಂದೂ ಸೋಂಕು ತಗುಲದವರಿಗೆ ಹಾಕಿದಾಗ ಅಪಾಯ. ಇದನ್ನು ತಡೆಯಲು ಕೋಟ್ರೈಮಾಕ್ಸಜೋಲ್ ಎಂಬ ಅಗ್ಗದ ಮಾತ್ರೆ ಸಾಕಾಗುತ್ತದೆ. ಮೊದಲೇ ಪರೀಕ್ಷೆ ಮಾಡಿ ತಿಳಿದುಕೊಂಡಿರಬೇಕು, ಅಷ್ಟೇ.

ನಮ್ಮ ರಾಜ್ಯದಲ್ಲಿ ಅಂಗಾಂಗ ದಾನದ ಹೊಣೆ ಹೊತ್ತಿರುವುದು ಜೀವಸಾರ್ಥಕತೆ ಸಂಸ್ಥೆ. 2021ರಲ್ಲಿ ನಟ ಸಂಚಾರಿ ವಿಜಯ್ ಅಪಘಾತದಲ್ಲಿ ಮಿದುಳು ನಿಷ್ಕ್ರಿಯವಾದಾಗ ಅವರ ಮನೆಯವರು ಅಂಗಾಂಗ ದಾನ ಮಾಡಿದ್ದು ನಿಮಗೆಲ್ಲ ನೆನಪಿರಬಹುದು. ಅವರು ನಮ್ಮಂತೆಯೇ ಹಳ್ಳಿಯಿಂದ ಹೋದವರು. ಅಂಥ ದೊಡ್ಡ ಮನಸ್ಸು ನಮ್ಮ ಊರುಗಳಲ್ಲೂ ಇದೆ. ಅದಕ್ಕೇ ನಾನು ಮೂರು ಮಾತು ಕೇಳಿಕೊಳ್ಳುತ್ತೇನೆ.

ಮೊದಲನೆಯದು ದಾನಿಯ ಮನೆಯವರಿಗೆ. ಆಸ್ಪತ್ರೆಯಲ್ಲಿ ಅಳುತ್ತಾ ನಿಂತಿರುವಾಗ ಯಾರೋ ಬಂದು, ಎಲ್ಲಿ ಹುಟ್ಟಿದ್ದು, ಯಾವ ಊರಲ್ಲಿ ದುಡಿಯುತ್ತಿದ್ದರು, ಹಿಂದೆ ಯಾವ ಜ್ವರ ಬಂದಿತ್ತು ಎಂದೆಲ್ಲ ಕೇಳುತ್ತಾರೆ. "ಇಂಥ ಹೊತ್ತಲ್ಲಿ ಇದೆಲ್ಲ ಬೇಕಾ?" ಎಂದು ಸಿಟ್ಟು ಬರುವುದು ಸಹಜ. ಅವರು ನಿಮ್ಮ ಮಗನ ಮೇಲೆ ಅನುಮಾನ ಪಡುತ್ತಿಲ್ಲ. ಅವನು ಕೊಡುವ ಹೃದಯ ಇನ್ನೊಂದು ಮನೆಯಲ್ಲಿ ನಿಲ್ಲದೆ ಬಡಿಯಲಿ ಎಂದು ಕೇಳುತ್ತಿದ್ದಾರೆ. ಗೊತ್ತಿದ್ದದ್ದನ್ನು ಹೇಳಿ. ಮುಚ್ಚಿಡಬೇಡಿ.

ಎರಡನೆಯದು ಕಸಿ ಮಾಡಿಸಿಕೊಂಡವರಿಗೆ. ಮಾತ್ರೆಯನ್ನು ಒಂದು ದಿನವೂ ಬಿಡಬೇಡಿ. ಜ್ವರ ಬಂದರೆ ಮೆಡಿಕಲ್ ಸ್ಟೋರಿನ ಮಾತ್ರೆ ನುಂಗಿ ಸುಮ್ಮನಾಗದೆ, ಕಸಿ ಮಾಡಿದ ಆಸ್ಪತ್ರೆಗೆ ಅಂದೇ ಫೋನ್ ಮಾಡಿ. ಮಾಂಸ ಚೆನ್ನಾಗಿ ಬೇಯಲಿ, ನೀರು ಕುದಿಸಿರಲಿ.

ಮೂರನೆಯದು ಊರ ಹಿರಿಯರಿಗೆ, ಪಂಚಾಯಿತಿಯವರಿಗೆ. ಬ್ರೆಜಿಲ್ ಈ ರೋಗವನ್ನು ಹಿಮ್ಮೆಟ್ಟಿಸಿದ್ದು ಬರೀ ಆಸ್ಪತ್ರೆಯಲ್ಲಲ್ಲ. ಮನೆಮನೆಗೆ ಹೋಗಿ ಔಷಧಿ ಸಿಂಪಡಿಸಿದರು, ಬಿರುಕು ಗೋಡೆಯ ಮನೆಗಳನ್ನು ಸರಿಪಡಿಸಿದರು. ರೋಗ ಹರಡುತ್ತಿದ್ದ ಮುಖ್ಯ ಕೀಟದಿಂದ ಈಗ ಹೊಸ ಸೋಂಕು ಬರುತ್ತಿಲ್ಲವೆಂದು 2006ರಲ್ಲಿ ಆ ದೇಶಕ್ಕೆ ಪ್ರಮಾಣಪತ್ರ ಸಿಕ್ಕಿತು. ಬಡವನ ಮನೆಯ ಗೋಡೆಗೆ ಗಿಲಾವು ಮಾಡಿಸುವುದೂ ಹೃದಯದ ಚಿಕಿತ್ಸೆಯೇ ಎಂದು ಅವರು ಕಲಿತರು. ವಸತಿ ಯೋಜನೆಯ ಪಟ್ಟಿ ಮಾಡುವಾಗ ನಾವೂ ಅದನ್ನು ನೆನೆಯೋಣ.

ಮಕ್ಕಳೇ, ನಿಮ್ಮಲ್ಲಿ ಯಾರಾದರೂ ನಾಳೆ ವೈದ್ಯರಾಗಬಹುದು, ನರ್ಸ್ ಆಗಬಹುದು, ಪ್ರಯೋಗಾಲಯದಲ್ಲಿ ಕೆಲಸ ಮಾಡಬಹುದು. ಯಾವುದೋ ನಮೂನೆಯಲ್ಲಿ ಅರ್ಥವಾಗದ ಪ್ರಶ್ನೆಯೊಂದು ಕಂಡರೆ, ಅದು ಅಲ್ಲಿಗೆ ಹೇಗೆ ಬಂತೆಂದು ಕೇಳಿ ತಿಳಿದುಕೊಳ್ಳಿ. ಐವತ್ತು ವರ್ಷದಿಂದ ಈ ಶಾಲೆ ನಮ್ಮಂಥವರಿಗೆ ಪ್ರಶ್ನೆ ಕೇಳುವ ಧೈರ್ಯ ಕೊಟ್ಟಿದೆ. ಇನ್ನೂ ನೂರಾರು ವರ್ಷ ಕೊಡುತ್ತಿರಲಿ.