ಮದ್ದಿನಂಗಡಿಯ ಕಪಾಟಿನೊಳಗೆ

(ಸಂಘದ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ನಾಡಹಬ್ಬದ ವೇದಿಕೆಯ ಮೇಲೆ ಕವಿಗಳೂ ಪಂಡಿತರೂ ನಿಲ್ಲುವುದು ವಾಡಿಕೆ. ಈ ಸಲ ಕಾರ್ಯದರ್ಶಿಗಳು ಮದ್ದಿನಂಗಡಿಯವರಾದ ನಮ್ಮನ್ನು ನಿಲ್ಲಿಸಿದ್ದಾರೆ. ನಾವು ಬಲ್ಲದ್ದು ಕಪಾಟು, ಬೀಗ, ಫ್ರಿಜ್ಜು ಇಷ್ಟೆ. ಆದರೆ ಈ ಮುಂಬಯಿಯಲ್ಲಿ ತಿಂಗಳಿಗೊಮ್ಮೆಯಾದರೂ ಮದ್ದಿನಂಗಡಿಯ ಮೆಟ್ಟಿಲು ಹತ್ತದ ಮನೆ ಯಾವುದಿದೆ? ಆ ಧೈರ್ಯದಿಂದ ಮಾತಾಡುತ್ತಿದ್ದೇವೆ.

ಉಪ್ಪಿನಕಾಯಿ ಕೆಟ್ಟರೆ ಬೂಷ್ಟು ಕಾಣುತ್ತದೆ. ಹಾಲು ಕೆಟ್ಟರೆ ಒಡೆಯುತ್ತದೆ. ಮದ್ದು ಕೆಟ್ಟರೆ ಅನೇಕ ವೇಳೆ ಯಾವ ಗುರುತೂ ಇರುವುದಿಲ್ಲ. ತೇವ ತಗುಲಿದ ಆಸ್ಪಿರಿನ್ ಮಾತ್ರೆಯೊಂದು ಹುಳಿವಾಸನೆ ಬೀರಿ ತನ್ನ ಗುಟ್ಟನ್ನು ತಾನೇ ಹೇಳಿಬಿಡುತ್ತದೆ. ಅಂಥ ಪ್ರಾಮಾಣಿಕತೆ ಎಲ್ಲ ಮದ್ದುಗಳಿಗೂ ಇಲ್ಲ.

ನಮ್ಮ ಅಂಗಡಿಯಲ್ಲೇ ಆದುದನ್ನು ಹೇಳುತ್ತೇವೆ. ಕೆಲವು ವರ್ಷಗಳ ಹಿಂದೆ ಮೇ ತಿಂಗಳ ಸೆಕೆಯಲ್ಲಿ, ಮದ್ದುಗಳು ಇನ್ನಷ್ಟು ತಣ್ಣಗಿರಲಿ ಎಂಬ ಸದುದ್ದೇಶದಿಂದ ನಮ್ಮ ಹುಡುಗ ಫ್ರಿಜ್ಜಿನ ಗುಂಡಿಯನ್ನು ಕೊನೆಯವರೆಗೆ ತಿರುಗಿಸಿಬಿಟ್ಟ. ಇನ್ಸುಲಿನ್ನಿಗೆ ಬೇಕಾದುದು 2ರಿಂದ 8 ಡಿಗ್ರಿ. ಹಿಂದಿನ ಗೋಡೆಗೆ ತಾಗಿದ್ದ ಸೀಸೆಗಳು ರಾತ್ರಿಯೆಲ್ಲ ಹೆಪ್ಪುಗಟ್ಟಿದವು. ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿ ಮೊದಲಿನಂತೆ ಕಂಡರೂ ಉಪಯೋಗಿಸತಕ್ಕದ್ದಲ್ಲ. ನಮಗೆ ಅದು ತಿಳಿದಿತ್ತು, ಹೆಪ್ಪುಗಟ್ಟಿದ್ದೇ ತಿಳಿಯಲಿಲ್ಲ. ಅದರಲ್ಲೊಂದು ಧಾರವಾಡದ ಕಡೆಯ ಹಿರಿಯರೊಬ್ಬರ ಮನೆಗೆ ಹೋಯಿತು. ವಾರವಾದರೂ ಸಕ್ಕರೆ ಇಳಿಯಲಿಲ್ಲ. ವೈದ್ಯರು ಪ್ರಮಾಣವನ್ನು ಹೆಚ್ಚಿಸಿದರು, ಅವರದೇನೂ ತಪ್ಪಿಲ್ಲ. ಆ ಸೀಸೆ ಮುಗಿದು, ನಮ್ಮಲ್ಲಿಂದಲೇ ಹೊಸದು ಹೋಯಿತು. ಅದು ಚೆನ್ನಾಗಿದ್ದ ಸೀಸೆ, ಅಪಾಯವಾದದ್ದೇ ಆಗ! ಹೆಚ್ಚಿದ ಪ್ರಮಾಣದಲ್ಲಿ ಒಳ್ಳೆಯ ಮದ್ದು ಸೇರಿ, ಆ ರಾತ್ರಿ ಅವರ ಮೈಯೆಲ್ಲ ಬೆವತು, ಮಾತು ತೊದಲಿತು. ಅವರ ಮನೆಯವರು ಸಕ್ಕರೆ ನೀರು ಕುಡಿಸಿ ಉಳಿಸಿಕೊಂಡರು. ಮರುದಿನ ಮಗ ಬಂದು, "ಏನ್ರೀ, ನಿಮ್ಮ ಮದ್ದು ಒಮ್ಮೆ ನೀರು, ಒಮ್ಮೆ ವಿಷ ಆಗ್ತದೇನು?" ಎಂದಾಗ ಫ್ರಿಜ್ಜು ತೆರೆದು ನೋಡಿದೆವು. ಮೂಲೆಯ ಸೀಸೆಯೊಂದು ಕಲ್ಲಿನಂತಿತ್ತು. ಇದ್ದ ದಾಸ್ತಾನನ್ನೆಲ್ಲ ಮಾರಾಟದಿಂದ ತೆಗೆದೆವು. ಅಂದಿನಿಂದ ಒಳಗೊಂದು ಥರ್ಮಾಮೀಟರು. ಬೆಳಿಗ್ಗೆ ಸಂಜೆ ಅದರ ಅಂಕಿ ಒಂದು ಪುಸ್ತಕದಲ್ಲಿ. ಹುಡುಗನನ್ನು ಬಯ್ಯಲಿಲ್ಲ, ಅವನಿಗೆ ಹೇಳಿಕೊಡದಿದ್ದವರು ನಾವು.

ಕಾನೂನಿನ ಮಾತು. 1940ರ ಔಷಧ ಕಾಯಿದೆ, 1945ರ ನಿಯಮಗಳು ನಮಗೆ ಭಾರವೆಂದು ವ್ಯಾಪಾರಸ್ಥರು ಗೊಣಗುವುದುಂಟು, ನಾವೂ ಗೊಣಗಿದವರೆ. ಚಿಲ್ಲರೆ ಅಂಗಡಿಗೆ ಹತ್ತು ಚದರ ಮೀಟರಿಗೆ ಕಡಿಮೆಯಿಲ್ಲದ ಜಾಗ ಬೇಕು; ಪರವಾನಗಿ ಜನರಿಗೆ ಕಾಣುವಂತೆ ತೂಗುಹಾಕಿರಬೇಕು. ಎಕ್ಸ್ ಪಟ್ಟಿಯ ಮದ್ದುಗಳನ್ನು ಅವಕ್ಕೇ ಮೀಸಲಾದ ಕಪಾಟಿನಲ್ಲಿ ಬೀಗ ಹಾಕಿ ಇಡಬೇಕು, ಇಲ್ಲವೆ ಹೊಣೆಗಾರರಲ್ಲದೆ ಬೇರೆಯವರು ಕಾಲಿಡದ ಪ್ರತ್ಯೇಕ ಭಾಗದಲ್ಲಿಡಬೇಕು. ದನಕರುಗಳ ಮದ್ದಿಗೂ ಪ್ರತ್ಯೇಕ ಸ್ಥಳ. 2013ರಲ್ಲಿ ಸೇರಿಸಿದ ಎಚ್-1 ಪಟ್ಟಿಯ ಮದ್ದುಗಳಿಗೆ ಬೇರೆ ಪುಸ್ತಕ. ರೋಗಿಯ ಹೆಸರು, ವೈದ್ಯರ ಹೆಸರು ಬರೆದು ಮೂರು ವರ್ಷ ಕಾಪಾಡಬೇಕು. "ನಮ್ಮವರೇ ಅಲ್ಲವೆ, ಚೀಟಿ ಏಕೆ?" ಎಂದು ಕನ್ನಡದಲ್ಲಿ ಕೇಳಿದಾಗ ನಮಗೆ ಸಂಕೋಚವಾಗುತ್ತದೆ. ಆದರೂ ಕೊಡುವುದಿಲ್ಲ.

ಅವಧಿ ಮುಗಿದ ಮಾಲಿನ ವಿಷಯವನ್ನು ಸ್ವಲ್ಪ ವಿವರಿಸಬೇಕು. ಅದನ್ನು ಮಾರುವಂತಿಲ್ಲ, ಮಾರುವ ಮಾಲಿನೊಡನೆ ಇಡುವಂತೆಯೂ ಇಲ್ಲ. ಕಂಪನಿಗೆ ಹಿಂದಿರುಗಿಸುವ ಏರ್ಪಾಡಾಗಿದ್ದರೆ, ಅದು ಹೋಗುವವರೆಗೆ ಬೇರೆ ಪೆಟ್ಟಿಗೆಯಲ್ಲಿಟ್ಟು, ಮೇಲೆ 'ಮಾರಾಟಕ್ಕಲ್ಲ' ಎಂದು ಎದ್ದು ಕಾಣುವಂತೆ ಬರೆಯಬೇಕು. ಹಳೆಯದನ್ನು ಮುಂದೆ, ಹೊಸದನ್ನು ಹಿಂದೆ ಜೋಡಿಸುವ ಪದ್ಧತಿ ಅಂಗಡಿಯಲ್ಲಿದ್ದರೆ ಆ ಪೆಟ್ಟಿಗೆ ಬೇಗ ತುಂಬುವುದಿಲ್ಲ. ನಮ್ಮ ಅಜ್ಜಿಯರು ಅಕ್ಕಿಯ ಡಬ್ಬಿಯಲ್ಲಿ ಮಾಡುತ್ತಿದ್ದುದೂ ಅದೇ.

ಇನ್ನು ಮುಂಬಯಿಯ ಮಳೆ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರು ಸುರಿದುದನ್ನು ಇಲ್ಲಿ ಯಾರೂ ಮರೆತಿಲ್ಲ. ನಮ್ಮ ಅಂಗಡಿಯ ಕೆಳಗಿನ ಎರಡು ಅರೆಗಳು ನೀರುಪಾಲಾದವು. "ಪೊಟ್ಟಣ ಒರೆಸಿ ಒಣಗಿಸಿದರೆ ಆಯಿತಲ್ಲ" ಎಂದು ಸಲಹೆ ಕೊಟ್ಟವರೂ ಇದ್ದರು. ಒಣಗಿಸಲಿಲ್ಲ, ನಷ್ಟವೆಂದು ಬರೆದುಕೊಂಡೆವು. ಈಗ ನೆಲದ ಮೇಲೆ ಒಂದು ಪೆಟ್ಟಿಗೆಯನ್ನೂ ಇಡುವುದಿಲ್ಲ. ಗೋಡೆಗೂ ಕಪಾಟಿಗೂ ನಡುವೆ ಗೇಣು ಜಾಗ ಬಿಟ್ಟಿದ್ದೇವೆ.

ತಾವು ಮದ್ದು ಕೊಂಡು ಹೊರಬಿದ್ದ ಮೇಲೆ ನಮ್ಮ ಕಪಾಟಿನ ಕೆಲಸ ತಮ್ಮ ಚೀಲದ್ದಾಗುತ್ತದೆ. ಊರಿನ ತಂದೆತಾಯಿಗಳಿಗೆಂದು ಇನ್ಸುಲಿನ್ ಒಯ್ಯುವವರು ಬಹಳ ಮಂದಿ. ಬಸ್ಸಿನ ಡಿಕ್ಕಿಯಲ್ಲಿ ಹಾಕಬೇಡಿ. ಬರ್ಫಕ್ಕೆ ನೇರವಾಗಿ ತಾಗಿಸಲೂ ಬೇಡಿ. ಬಟ್ಟೆ ಸುತ್ತಿ ಕೈಚೀಲದಲ್ಲಿ ಜೊತೆಗಿಟ್ಟುಕೊಳ್ಳಿ. ಹಳ್ಳಿಯ ಮನೆಯಲ್ಲಿ ಫ್ರಿಜ್ಜಿಲ್ಲವೆ? ಒದ್ದೆ ಮರಳಿನ ನಡುವೆ ಕೂರಿಸಿದ ಮಣ್ಣಿನ ಮಡಕೆ ಫ್ರಿಜ್ಜಿನಷ್ಟು ತಣ್ಣಗಿರದಿದ್ದರೂ ಬಿಸಿಲಿನಿಂದ ಕಾಪಾಡುತ್ತದೆ. ಬಳಸತೊಡಗಿದ ಸೀಸೆಗೆ ಸಾಮಾನ್ಯವಾಗಿ ನಾಲ್ಕು ವಾರದ ಆಯುಸ್ಸು. ತೆರೆದ ದಿನವನ್ನು ಅದರ ಮೇಲೆಯೇ ಬರೆದಿಡಿ.

ಧಾರವಾಡದ ಆ ಹಿರಿಯರು ಈಗಲೂ ನಮ್ಮ ಅಂಗಡಿಗೇ ಬರುತ್ತಾರೆ. ದುಡ್ಡು ಕೊಡುವ ಮೊದಲು, "ನಿಮ್ಮ ಆ ಪುಸ್ತಕ ತೋರಿಸ್ರಿ" ಎನ್ನುತ್ತಾರೆ. ತೋರಿಸುತ್ತೇವೆ.