ಧರ್ಮಸಭೆಯೊಡನೆ ಪವಿತ್ರ ಗ್ರಂಥವನ್ನು ಓದೋಣ

(ನಮ್ಮ ದೇವಾಲಯದ ಶತಮಾನೋತ್ಸವದ ಅಂಗವಾಗಿ ನೀಡಿದ ಉಪನ್ಯಾಸ)



ಈ ದೇವಾಲಯದ ಆರಂಭದ ದಶಕಗಳಲ್ಲಿ ನಮ್ಮ ಹಿರಿಯರು ಬಲಿಪೂಜೆಯ ವಾಚನಗಳನ್ನು ಲತೀನ್ ಭಾಷೆಯಲ್ಲಿ ಆಲಿಸಿದರು. ಅವುಗಳ ಅರ್ಥವನ್ನು ಗುರುಗಳ ಪ್ರಬೋಧನೆಯಿಂದ ತಿಳಿದುಕೊಂಡರು. 1962ರಿಂದ 1965ರವರೆಗೆ ನಡೆದ ದ್ವಿತೀಯ ವ್ಯಾಟಿಕನ್ ಮಹಾಸಭೆಯು ದೇವರ ವಾಕ್ಯದ ಭಂಡಾರವನ್ನು ವಿಶ್ವಾಸಿಗಳೆಲ್ಲರಿಗೂ ತೆರೆದಿಟ್ಟಿತು. ಇಂದು ಕನ್ನಡ ಬೈಬಲ್ ನಮ್ಮ ಮನೆಗಳಲ್ಲಿದೆ. ಇದು ನಮ್ಮ ಮಹಾಭಾಗ್ಯ. ಆದರೆ ಗ್ರಂಥವು ಕೈಸೇರಿದ ಮಾತ್ರಕ್ಕೆ ಅದರ ಅರ್ಥವೂ ಕೈಸೇರಿತೆಂದು ಭಾವಿಸಲಾಗದು. ಪ್ರೇಷಿತರ ಕಾರ್ಯಕಲಾಪಗಳ 8ನೆಯ ಅಧ್ಯಾಯದಲ್ಲಿ ಇಥಿಯೋಪಿಯದ ಅಧಿಕಾರಿಯೊಬ್ಬನು ರಥದಲ್ಲಿ ಕುಳಿತು ಪ್ರವಾದಿ ಯೆಶಾಯನ ಗ್ರಂಥವನ್ನು ಓದುತ್ತಿದ್ದನು. ವಿದ್ಯಾವಂತನಾಗಿದ್ದರೂ, ತಿಳಿಸಿಕೊಡುವವರಿಲ್ಲದೆ ತನಗೆ ಅರ್ಥವಾಗದೆಂದು ಅವನು ವಿನಯದಿಂದ ಒಪ್ಪಿಕೊಂಡನು. ಫಿಲಿಪ್ಪನು ರಥವನ್ನೇರಿ ಅವನ ಪಕ್ಕದಲ್ಲಿ ಕುಳಿತನು. ಧರ್ಮಸಭೆಯು ನಮ್ಮ ಪಕ್ಕದಲ್ಲಿ ಕುಳಿತುಕೊಳ್ಳುವುದೂ ಹೀಗೆಯೇ.

ಈ ಮಾರ್ಗದರ್ಶನವನ್ನು ಬಿಟ್ಟರೆ ಆಗುವ ಹಾನಿ ಅಲ್ಪವಲ್ಲ. ಮನೆಯಲ್ಲಿ ಮಗುವೊಂದು ರೋಗದಿಂದ ನರಳುತ್ತಿರುವಾಗ ಯಾರೋ ಬಂದು, ವಿಮೋಚನಾಕಾಂಡ 20ನೆಯ ಅಧ್ಯಾಯದ 5ನೆಯ ವಚನವನ್ನು ತೆರೆದು ತೋರಿಸಿ, ಇದು ನಿಮ್ಮ ಹಿರಿಯರ ಪಾಪದ ಫಲವೆಂದು ಹೇಳುವುದುಂಟು. ತಂದೆಗಳ ಅಪರಾಧಕ್ಕಾಗಿ ಮೂರು ನಾಲ್ಕು ತಲೆಗಳವರೆಗೆ ದಂಡನೆಯುಂಟೆಂದು ಆ ವಚನದಲ್ಲಿ ಇರುವುದು ನಿಜ. ಮೊದಲೇ ನೊಂದ ತಾಯಿಯು ಅಂದಿನಿಂದ ತನ್ನನ್ನೂ ತನ್ನ ಹೆತ್ತವರನ್ನೂ ಶಪಿಸಿಕೊಳ್ಳುತ್ತಾ ಕಣ್ಣೀರಿಡುತ್ತಾಳೆ. ಆಕೆಗೆ ನಾವು ಏನೆಂದು ಉತ್ತರಿಸಬೇಕು?

ಮಹಾಸಭೆಯು 1965ರ ನವೆಂಬರ್ 18ರಂದು ಪ್ರಕಟಿಸಿದ ‘ದೇಯಿ ವೆರ್ಬುಮ್’ ಎಂಬ ಸಂವಿಧಾನದ 12ನೆಯ ಪರಿಚ್ಛೇದವು ಇದಕ್ಕೆ ದಾರಿ ತೋರುತ್ತದೆ. ಬರೆದವನ ಉದ್ದೇಶವನ್ನೂ ಅವನ ಕಾಲದ ಬರವಣಿಗೆಯ ರೀತಿಯನ್ನೂ ಅರಿಯಬೇಕು. ಪವಿತ್ರ ಗ್ರಂಥವನ್ನು ಅಖಂಡವಾಗಿ ಓದಬೇಕು. ಧರ್ಮಸಭೆಯ ಜೀವಂತ ಪರಂಪರೆಯನ್ನೂ ವಿಶ್ವಾಸದ ಸಾಮರಸ್ಯವನ್ನೂ ಗಮನಿಸಬೇಕು.

ಮೊದಲನೆಯದಾಗಿ, ಆ ವಚನವು ವಿಗ್ರಹಾರಾಧನೆಯನ್ನು ನಿಷೇಧಿಸುವ ಆಜ್ಞೆಯ ಭಾಗ. ರೋಗಿಗಳ ವಿಚಾರ ಅಲ್ಲಿ ಇಲ್ಲ. ಅಂದಿನ ಕುಟುಂಬದಲ್ಲಿ ಮೂರು ನಾಲ್ಕು ತಲೆಮಾರಿನವರು ಒಟ್ಟಿಗೆ ಬಾಳುತ್ತಿದ್ದುದರಿಂದ ಹಿರಿಯನು ದಾರಿ ತಪ್ಪಿದರೆ ಮನೆಯೇ ದಾರಿ ತಪ್ಪುತ್ತಿತ್ತು. ಮರುವಚನವನ್ನೂ ಓದಿರಿ: ದಂಡನೆ ಮೂರು ನಾಲ್ಕು ತಲೆಗಳಿಗಾದರೆ, ದೇವರ ಕರುಣೆ ಸಾವಿರಾರು ತಲೆಗಳಿಗೆ. ಅಲ್ಲಿ ಮಿಗಿಲಾದುದು ಕರುಣೆಯೇ.

ಎರಡನೆಯದಾಗಿ, ಬೈಬಲ್ ಅಲ್ಲಿಗೇ ನಿಲ್ಲುವುದಿಲ್ಲ. ಬಾಬಿಲೋನಿಗೆ ಸೆರೆಯಾಗಿ ಹೋದ ಜನರು, ತಂದೆ ಹುಳಿದ್ರಾಕ್ಷಿ ತಿಂದುದಕ್ಕೆ ಮಕ್ಕಳ ಹಲ್ಲು ಜುಮ್ಮೆನ್ನುತ್ತಿದೆಯೆಂಬ ಗಾದೆಯನ್ನಾಡುತ್ತಿದ್ದರು. ಇನ್ನು ಆ ಗಾದೆ ಸಲ್ಲದು, ತಂದೆಯ ದೋಷವನ್ನು ಮಗನು ಹೊರಬೇಕಾಗಿಲ್ಲ ಎಂದು ಪ್ರವಾದಿ ಯೆಹೆಜ್ಕೇಲನು 18ನೆಯ ಅಧ್ಯಾಯದಲ್ಲಿ ಸಾರುತ್ತಾನೆ. ಸಂತ ಯೊವಾನ್ನರ ಶುಭಸಂದೇಶದ 9ನೆಯ ಅಧ್ಯಾಯದಲ್ಲಿ, ಹುಟ್ಟುಕುರುಡನನ್ನು ಕಂಡ ಶಿಷ್ಯರು ಪಾಪ ಮಾಡಿದವರು ಯಾರು, ಇವನೋ ಇವನ ಹೆತ್ತವರೋ ಎಂದು ವಿಚಾರಿಸುತ್ತಾರೆ. ಯೇಸುಸ್ವಾಮಿ ಎರಡನ್ನೂ ನಿರಾಕರಿಸಿ, ಅವನಿಗೆ ದೃಷ್ಟಿಯನ್ನು ದಯಪಾಲಿಸುತ್ತಾರೆ.

ಮೂರನೆಯದಾಗಿ, ನಾವು ತಲೆತಲಾಂತರದಿಂದ ಪಡೆದುಬಂದಿರುವುದು ಆದಿಪಾಪವೊಂದನ್ನೇ. ಅದನ್ನೂ ಜ್ಞಾನಸ್ನಾನವು ತೊಳೆಯುತ್ತದೆ ಎಂಬುದು ಧರ್ಮಸಭೆಯ ಬೋಧನೆ. ಪೂರ್ವಜರ ಪಾಪಗಳು ಸಂತತಿಗೆ ರೋಗವಾಗಿ ಇಳಿದುಬರುತ್ತವೆಂಬ ಪ್ರಚಾರದ ವಿರುದ್ಧ ಸ್ಪೇನ್ ದೇಶದ ಧರ್ಮಾಧ್ಯಕ್ಷರ ಸಿದ್ಧಾಂತ ಆಯೋಗವು 2024ರಲ್ಲಿ ಎಚ್ಚರಿಕೆ ನೀಡಿತು.

ಹಾಗಾದರೆ ಆ ವಚನವನ್ನು ಅಳಿಸಿಹಾಕಬೇಕೆ? ಎಂದಿಗೂ ಇಲ್ಲ. ತಂದೆಯ ಕುಡಿತದಿಂದಾದ ಸಾಲವನ್ನು ಮಕ್ಕಳು ತೀರಿಸುವುದನ್ನು ನಾವು ಕಾಣುತ್ತೇವೆ. ಪಾಪದ ಪರಿಣಾಮವು ಮಕ್ಕಳನ್ನು ತಟ್ಟಬಹುದು. ಅದರ ದೋಷವು ತಟ್ಟದು. ಹೆತ್ತವರಾದ ನಮ್ಮನ್ನು ಎಚ್ಚರಿಸುವ ಮಾತದು; ನರಳುವವರನ್ನು ಹಳಿಯುವ ಮಾತಲ್ಲ.

ಧರ್ಮಸಭೆಯು ದೇವರ ವಾಕ್ಯಕ್ಕಿಂತ ತಾನು ಮೇಲೆಂದು ಹೇಳಿಕೊಳ್ಳುವುದಿಲ್ಲ. ಅದರ ಬೋಧನಾಧಿಕಾರವು ವಾಕ್ಯದ ಸೇವೆಗಾಗಿಯೇ ಇದೆಯೆಂದು ಅದೇ ಸಂವಿಧಾನದ 10ನೆಯ ಪರಿಚ್ಛೇದವು ತಿಳಿಸುತ್ತದೆ. ಆದುದರಿಂದ ಒಂದು ವಚನವು ನಮ್ಮನ್ನು ಕಾಡಿದಾಗ ಅಧ್ಯಾಯವನ್ನು ಪೂರ್ತಿಯಾಗಿ ಓದೋಣ, ಅಡಿಟಿಪ್ಪಣಿಗಳನ್ನು ನೋಡೋಣ, ಗುರುಗಳನ್ನು ಕೇಳೋಣ, ಪವಿತ್ರಾತ್ಮರ ಬೆಳಕನ್ನು ಬೇಡೋಣ. 2019ರಲ್ಲಿ ಜಗದ್ಗುರು ಫ್ರಾನ್ಸಿಸರು ಸಾಧಾರಣ ಕಾಲದ ಮೂರನೆಯ ಭಾನುವಾರವನ್ನು ದೇವರ ವಾಕ್ಯದ ಭಾನುವಾರವೆಂದು ಸ್ಥಾಪಿಸಿದರು. ಪ್ರತಿ ವರ್ಷ ಆ ದಿನದಂದಾದರೂ ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ಓದುವ ಸಂಕಲ್ಪವನ್ನು ಈ ಶತಮಾನೋತ್ಸವದಲ್ಲಿ ಕೈಗೊಳ್ಳೋಣ.

ಕಾಯಿಲೆಯ ಮಗುವಿರುವ ಮನೆಗೆ ಬೈಬಲ್ ಹಿಡಿದು ಹೋಗುವ ಸಂದರ್ಭ ನಮಗೂ ಬರಬಹುದು. ಅಂದು ಆ ತಾಯಿಗೆ ಯೊವಾನ್ನರ 9ನೆಯ ಅಧ್ಯಾಯವನ್ನು ಓದಿ ಹೇಳೋಣ. ದೇವರ ವಾಕ್ಯವು ಆ ಮನೆಯಲ್ಲಿ ಬೆಳಕಾಗಲಿ.