ಅಚ್ಚರಿ ಸಾಕು, ಅನುಕೂಲ ಬೇಕು

ಊರಿಗೆ ಬೇಕಾದವರೊಬ್ಬರನ್ನು ನೆನೆಯುವಾಗ ನಾವು ಸಾಮಾನ್ಯವಾಗಿ ಗುಣಗಾನದಿಂದ ಶುರು ಮಾಡುತ್ತೇವೆ. ದೊಡ್ಡ ಮನಸ್ಸು, ನಗುಮುಖ, ಬಂದವರಿಗೆ ಇಲ್ಲ ಎನ್ನದ ಕೈ. ಹೀಗೆ ಹೊಗಳುವುದರಲ್ಲಿ ತಪ್ಪೇನಿಲ್ಲ. ಆದರೆ ಇವೇ ಮಾತುಗಳನ್ನು ಇನ್ನಾರ ಹೆಸರಿಗಾದರೂ ಹೊಂದಿಸಬಹುದು. ಒಬ್ಬರು ಊರಿಗೆ ಯಾಕೆ ಬೇಕಾದರು ಎಂಬುದು ಗುಣಗಾನದಲ್ಲಿ ತಿಳಿಯುವುದಿಲ್ಲ, ಅವರು ಬಿಡಿಸಹೊರಟ ಗಂಟು ಯಾವುದು ಎಂದು ಕೇಳಿದಾಗ ತಿಳಿಯುತ್ತದೆ. ಈ ಪ್ರಶ್ನೆ ಇಟ್ಟುಕೊಂಡು ಇಂದು ಎನ್.ಎಸ್. ಹೇಮಾ ಅವರನ್ನು ನೆನೆಯೋಣ. ಬೆಂಗಳೂರಿನ ಹೆಣ್ಣೂರು ರಸ್ತೆಯ ಬಳಿ, ಲಿಂಗರಾಜಪುರದಲ್ಲಿ, ಅಂಗವಿಕಲರಿಗಾಗಿ ದುಡಿಯುತ್ತಿರುವ ಎಪಿಡಿ ಸಂಸ್ಥೆಯನ್ನು 1959ರಲ್ಲಿ ಹುಟ್ಟುಹಾಕಿದವರು ಅವರು. ಸ್ವತಃ ಅಂಗವೈಕಲ್ಯದೊಂದಿಗೆ ಬದುಕಿದವರು.

ಇಷ್ಟು ಹೇಳುತ್ತಿದ್ದಂತೆಯೇ ನಮ್ಮ ಬಾಯಿಗೆ ಒಂದು ಮಾತು ತಾನಾಗಿ ಬರುತ್ತದೆ: ‘ಅಂಥ ಸ್ಥಿತಿಯಲ್ಲೂ ಎಂಥ ಸಾಧನೆ!’ ಒಳ್ಳೆಯ ಮನಸ್ಸಿನಿಂದಲೇ ಬಂದ ಮಾತು, ನಿಜ. ಆದರೂ ಹೇಮಾ ಅವರನ್ನು ಹೀಗೆ ಒಂದು ಅಚ್ಚರಿಯಾಗಿ ನೆನೆಯುವುದು ಅವರ ಕೆಲಸಕ್ಕೇ ವಿರುದ್ಧ ಎಂಬುದು ನನ್ನ ವಾದ. ಅಸಾಧಾರಣ ಛಲ ಇದ್ದವರು ಮಾತ್ರ ಓದಿ, ದುಡಿದು, ತಲೆಯೆತ್ತಿ ಬಾಳಬಹುದು ಎನ್ನುವ ಊರಲ್ಲಿ ಏನೋ ಐಬಿದೆ. ಛಲವಂತರಲ್ಲದ, ನಮ್ಮ ನಿಮ್ಮಂಥ ಸಾಮಾನ್ಯರೂ ಅಂಗವೈಕಲ್ಯದ ನಡುವೆ ಸಾಮಾನ್ಯವಾಗಿಯೇ ಬದುಕುವಂತಾಗಬೇಕು. ಆ ಸಂಸ್ಥೆ ಮಾಡಿಕೊಂಡು ಬಂದ ಕೆಲಸಗಳನ್ನು ಒಂದೊಂದಾಗಿ ನೋಡಿದರೆ, ಎಲ್ಲವೂ ಇದೇ ದಿಕ್ಕಿಗೆ ಮುಖ ಮಾಡಿವೆ.

ಅಲ್ಲಿರುವ ಶ್ರದ್ಧಾಂಜಲಿ ಶಾಲೆಯನ್ನೇ ನೋಡಿ. ಅದು ಸಮನ್ವಯ ಶಾಲೆ. ಅಂಗವೈಕಲ್ಯ ಇರುವ ಮಕ್ಕಳೂ ಇಲ್ಲದ ಮಕ್ಕಳೂ ಒಂದೇ ತರಗತಿಯಲ್ಲಿ ಕೂತು ಕಲಿಯುತ್ತಾರೆ. ಪಕ್ಕದಲ್ಲಿ ಊರುಗೋಲು ಇಟ್ಟುಕೊಂಡ ಗೆಳತಿಯ ಜೊತೆ ಮಗ್ಗಿ ಬಾಯಿಪಾಠ ಮಾಡಿದ ಮಗು, ದೊಡ್ಡದಾದ ಮೇಲೆ ಊರುಗೋಲು ಕಂಡು ಅಯ್ಯೋ ಪಾಪ ಎನ್ನುವುದು ಕಡಿಮೆ. ಇನ್ನು ಕೆಲಸದ ತರಬೇತಿ. ಕೈಕಸುಬಿನ ಜೊತೆಗೆ ತೋಟಗಾರಿಕೆಯನ್ನೂ ಅಲ್ಲಿ ಕಲಿಸಿದರು. ಜೀವನ್ ಬಿಮಾ ನಗರದ ಅವರ ತೋಟದಲ್ಲಿ ಸಸಿ ಬೆಳೆಸುವುದನ್ನು ಕಲಿತವರಿಗೆ ಅದು ದುಡಿಮೆಯ ದಾರಿಯಾಯಿತು. ಮೂರನೆಯದು ಕ್ಯಾಲಿಪರ್. ಪೋಲಿಯೊದಿಂದ ಬಲ ಕಳೆದುಕೊಂಡ ಕಾಲಿಗೆ ಎರಡು ಕಡೆ ಲೋಹದ ಪಟ್ಟಿ ಕೊಟ್ಟು, ಚರ್ಮದ ಪಟ್ಟಿಯಿಂದ ಬಿಗಿದು, ಕೆಳಗೆ ಬೂಟಿಗೆ ಕೂರಿಸುವ ಸಾಧನ ಅದು. ಒಬ್ಬರದು ಇನ್ನೊಬ್ಬರಿಗೆ ಆಗುವುದಿಲ್ಲ. ಪ್ರತಿ ಕಾಲಿನ ಅಳತೆ ತೆಗೆಯಬೇಕು, ಮಗು ಬೆಳೆದಂತೆ ಬಿಚ್ಚಿ ಹೊಸದಾಗಿ ಮಾಡಬೇಕು. ಛಲವೊಂದೇ ಸಾಕಾಗುವಂತಿದ್ದರೆ ಈ ಅಳತೆ ಪಟ್ಟಿ ಹಿಡಿದ ಕೆಲಸಗಾರರು ಯಾಕೆ ಬೇಕಿತ್ತು?

ಆ ಕಾಲವನ್ನೂ ಗಮನಿಸಿ. 1959ರಲ್ಲಿ ಅಂಗವಿಕಲರ ಹಕ್ಕು ಎಂದು ಕೋರ್ಟಿನ ಮುಂದಿಡಲು ಪ್ರತ್ಯೇಕ ಕಾನೂನೇ ಇರಲಿಲ್ಲ. ಇಡೀ ದೇಶಕ್ಕೆ ಅನ್ವಯಿಸುವ ಸಮಗ್ರ ಕಾಯ್ದೆ ಬಂದದ್ದು 1995ರಲ್ಲಿ, ಸಂಸ್ಥೆ ಶುರುವಾಗಿ 36 ವರ್ಷಗಳ ಮೇಲೆ. 2016ರ ಹೊಸ ಕಾಯ್ದೆ ಏಳು ಬಗೆಯ ಅಂಗವೈಕಲ್ಯದ ಪಟ್ಟಿಯನ್ನು 21ಕ್ಕೆ ಏರಿಸಿತು, ಸರ್ಕಾರಿ ಕೆಲಸದಲ್ಲಿ ಶೇಕಡಾ 3ರ ಮೀಸಲಾತಿಯನ್ನು 4 ಮಾಡಿತು. 2011ರ ಜನಗಣತಿಯ ಪ್ರಕಾರ ದೇಶದಲ್ಲಿ ಅಂಗವಿಕಲರ ಸಂಖ್ಯೆ 2 ಕೋಟಿ 68 ಲಕ್ಷ, ಕರ್ನಾಟಕದಲ್ಲೇ 13 ಲಕ್ಷಕ್ಕೂ ಹೆಚ್ಚು. ಇಷ್ಟು ಜನರಲ್ಲಿ ಪ್ರತಿಯೊಬ್ಬರೂ ಸಾಧಕರಾಗಲಿ ಎಂದು ಬಯಸುವುದು ಹಾರೈಕೆಯಾದೀತು, ವ್ಯವಸ್ಥೆಯಾಗದು.

ಇದಕ್ಕೆ ಆಕ್ಷೇಪ ಬರುವುದು ಸಹಜ. ಎದುರಿಗೆ ಒಂದು ಮಾದರಿ ಇದ್ದರಲ್ಲವೇ ಮಕ್ಕಳಿಗೆ ಧೈರ್ಯ? ಹೌದು, ಆ ಧೈರ್ಯದ ಬೆಲೆ ದೊಡ್ಡದು. ತನ್ನಂತೆಯೇ ಇದ್ದವರೊಬ್ಬರು ಸಂಸ್ಥೆ ಕಟ್ಟಿದರು ಎಂದು ತಿಳಿದ ಹುಡುಗಿಯ ಕನಸು ಒಂದು ಗೇಣು ಉದ್ದವಾಗಬಹುದು. ತೊಡಕಿರುವುದು ಆ ಮಾದರಿಯನ್ನು ಉಳಿದವರು ಬಳಸಿಕೊಳ್ಳುವ ರೀತಿಯಲ್ಲಿ. ‘ಅವರು ಮಾಡಲಿಲ್ಲವೇ, ನೀನೂ ಮಾಡು’ ಎಂದು ಹೇಳಿ, ಮೆಟ್ಟಿಲುಗಳನ್ನು ಇದ್ದ ಹಾಗೇ ಬಿಟ್ಟು, ನಾವು ಕೈ ತೊಳೆದುಕೊಳ್ಳುತ್ತೇವೆ. ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಸಂಸ್ಥೆಯೆಂದರೆ ಒಬ್ಬರ ಕೆಲಸವಲ್ಲ. ಶಿಕ್ಷಕರು, ಕುಶಲಕರ್ಮಿಗಳು, ದಾನಿಗಳು, ಮಕ್ಕಳನ್ನು ನಂಬಿ ಕಳಿಸಿದ ತಾಯಂದಿರು, ಇವರನ್ನೆಲ್ಲ ಬಿಟ್ಟು ಒಂದೇ ಹೆಸರನ್ನು ಎತ್ತಿ ಹಿಡಿಯುವುದು ಸರಿಯೇ? ಒಪ್ಪಬೇಕಾದ ಮಾತು. ಒಬ್ಬರನ್ನು ಪವಾಡದಂತೆ ಮೆರೆಸಿದರೆ ಆ ನೂರಾರು ಜನ ಮರೆಯಾಗುತ್ತಾರೆ. ಕೆಲಸದ ಮೂಲಕ ನೆನೆದರೆ ಅವರೆಲ್ಲರೂ ಆ ನೆನಪಿನೊಳಗೆ ಬರುತ್ತಾರೆ. ಹಾಗಾಗಿ ಈ ಆಕ್ಷೇಪ ನನ್ನ ವಾದವನ್ನು ಮುರಿಯುವುದಕ್ಕಿಂತ ಹೆಚ್ಚಾಗಿ ಬಲಪಡಿಸುತ್ತದೆ.

ಮೂರನೆಯದು ಖರ್ಚಿನ ಮಾತು. ಇಕ್ಕಟ್ಟಾದ ಹಳೆಯ ಬಡಾವಣೆಗಳಲ್ಲಿ ಮೆಟ್ಟಿಲಿನ ಬದಲು ಇಳಿಜಾರು ಮಾಡಲು ಜಾಗ ಎಲ್ಲಿದೆ, ದುಡ್ಡು ಎಲ್ಲಿದೆ ಎನ್ನುತ್ತಾರೆ. ಲೆಕ್ಕ ಹಾಕಿ ನೋಡೋಣ. ಗಾಲಿಕುರ್ಚಿ ಹತ್ತುವ ಇಳಿಜಾರಿಗೆ ಒಂದಕ್ಕೆ ಹನ್ನೆರಡರ ಪ್ರಮಾಣ ಇರಬೇಕು ಎನ್ನುತ್ತವೆ ನಿಯಮಗಳು. ಅಂದರೆ ಆರು ಇಂಚು ಎತ್ತರದ ಒಂದು ಮೆಟ್ಟಿಲಿಗೆ ಆರಡಿ ಉದ್ದದ ಇಳಿಜಾರು. ಎಲ್ಲ ಹಳೆಯ ಕಟ್ಟಡದಲ್ಲೂ ಇದು ಸಾಧ್ಯವಾಗದು, ಸರಿ. ಆದರೆ ಹೊಸದಾಗಿ ಕಟ್ಟುವ ವಾರ್ಡ್ ಕಚೇರಿಗೆ, ಸಮುದಾಯ ಭವನಕ್ಕೆ, ಔಷಧಿ ಅಂಗಡಿಗೆ ಆ ಆರಡಿ ಹೊರೆಯಲ್ಲ. ಅದರ ಉಪಯೋಗವೂ ಅಂಗವಿಕಲರಿಗಷ್ಟೇ ಅಲ್ಲ, ಮಂಡಿನೋವಿನ ಅಜ್ಜನಿಗೆ, ಬಸುರಿಗೆ, ಗ್ಯಾಸ್ ಸಿಲಿಂಡರ್ ಉರುಳಿಸುವ ಹುಡುಗನಿಗೆ ಕೂಡ.

ಹಾಗಾದರೆ ಊರಿಗೆ ಬೇಕಾದವರನ್ನು ನೆನೆಯುವ ಸರಿಯಾದ ಬಗೆ ಯಾವುದು? ಭಾವಚಿತ್ರಕ್ಕೆ ಹಾರ ಹಾಕೋಣ, ಬೇಡವೆನ್ನುವವರಿಲ್ಲ. ಅದರ ಜೊತೆಗೆ, ಹಾರ ಹಾಕುವ ಸಭೆಗೆ ಯಾರು ಬರಲಾಗಲಿಲ್ಲ ಎಂದೂ ಎಣಿಸೋಣ. ನಿಮ್ಮ ಬೀದಿಯ ಶಾಲೆಯಲ್ಲಿ, ಗ್ರಂಥಾಲಯದಲ್ಲಿ, ಮತಗಟ್ಟೆಯಲ್ಲಿ ಗಾಲಿಕುರ್ಚಿ ಒಳಗೆ ಹೋಗುತ್ತದೆಯೇ ಎಂದು ಈ ವಾರ ಒಮ್ಮೆ ನೋಡಿ. ಹೋಗದಿದ್ದರೆ ಮೇಷ್ಟರಿಗೆ, ಆಡಳಿತ ಮಂಡಳಿಗೆ, ವಾರ್ಡ್ ಕಚೇರಿಗೆ ಒಂದು ಅರ್ಜಿ ಬರೆಯಿರಿ. ಹೇಮಾ ಅವರಂಥವರಿಗೆ ನಾವು ಸಲ್ಲಿಸಬೇಕಾದ ಗೌರವಕ್ಕೆ ಒಂದು ಹಾಳೆ, ಒಂದು ಸಹಿ ಸಾಕು. ಉತ್ತರ ಬರದಿದ್ದರೆ ಮತ್ತೊಂದು ಹಾಳೆ.